ಅಮ್ಮನ ಆಶೀರ್ವಾದ ಇದ್ದ ಡಿಸ್ಕ್

ನಮ್ಮ ಶಕ್ತಿನಗರದ ಮನೆಯಲ್ಲಿ ಸಂಜೆ ಏಳಕ್ಕೆ ತೆರ್ಸ್. ಮನೆಮಂದಿಯೆಲ್ಲ ಅಲ್ತಾರಿನ, ಅಂದರೆ ದೇವರ ಪೀಠದ ಮುಂದೆ ಮೊಣಕಾಲೂರಿ ಕೊಂಕಣಿಯಲ್ಲಿ ಜಪಮಾಲೆ ಹೇಳುವುದು. ನಡೆಸುತ್ತಿದ್ದವಳು ಅಮ್ಮ. ಜಪ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈ ಮುಗಿದು ಆಶೀರ್ವಾದ ಕೇಳಬೇಕು. ಗಲ್ಫಿನಲ್ಲಿ ನರ್ಸ್ ಆಗಿರುವ ತಂಗಿಗೆ ಅದು ತಪ್ಪಿಹೋಗುತ್ತದೆಂದು ಅಮ್ಮನಿಗೆ ಕೊರಗು. ಹಾಗಾಗಿ ನನ್ನಿಂದ ಅಲ್ತಾರಿನ ಪಕ್ಕ ಮೈಕ್ ಇಡಿಸಿದಳು. ಕೊನೆಯಲ್ಲಿ ಮಗಳ ಹೆಸರು ಹಿಡಿದು ಆಶೀರ್ವದಿಸುತ್ತಿದ್ದಳು, ನಾನು ಕಂಪ್ಯೂಟರಿನ ಮುಂದೆ ಕೂತು ಅದನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ.

ಒಂಬತ್ತು ವರ್ಷ ಹೀಗೆ ನಡೆಯಿತು. ತಂಗಿ ಒಮ್ಮೆ ಕೇಳಿಯಾದ ಮೇಲೆ, ಫೋನಿನಲ್ಲಿ ಜಾಗವಿಲ್ಲವೆಂದು ಅಳಿಸಿಬಿಡುತ್ತಿದ್ದಳು. "ಅಣ್ಣನ ಹತ್ತಿರ ಎಲ್ಲ ಉಂಟಲ್ಲ" ಎನ್ನುತ್ತಿದ್ದಳು.

ಇತ್ತು. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ, ನಾಲ್ಕು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ, ಒಂದು ದಿನವೂ ಬಿಡದೆ ಇತ್ತು. ನಾನು ಕಾಲೇಜಿನ ಲ್ಯಾಬಿನಲ್ಲಿ ಲಿನಕ್ಸ್ ಕಲಿಸಿ ನಿವೃತ್ತನಾದವನು. ನಕಲು ತೆಗೆಯದೆ ಕೆಟ್ಟ ಡಿಸ್ಕನ್ನು ಮುಟ್ಟಿದ ಹುಡುಗರನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ಉಗಿಯುತ್ತಿದ್ದೆ. ನನ್ನ ಸ್ವಂತ ಡಿಸ್ಕಿಗೆ ನಕಲು ಇರಲಿಲ್ಲ. ನನಗೆ ಎಂಥದ್ದೂ ಆಗುವುದಿಲ್ಲ ಎಂಬ ಧಿಮಾಕು, ಬೇರೇನೂ ಅಲ್ಲ.

ಅಮ್ಮ ತೀರಿಕೊಂಡಾಗ ತಂಗಿಗೆ ರಜೆ ಸಿಗಲಿಲ್ಲ, ಮಣ್ಣಿಗೆ ಬರಲಾಗಲಿಲ್ಲ. ವರ್ಷದ ಪೂಜೆಗೆ ಬರುತ್ತೇನೆ ಎಂದಳು. "ಆ ದಿನ ತೆರ್ಸ್ ಮುಗಿದ ಮೇಲೆ ಅಮ್ಮನ ಆಶೀರ್ವಾದ ಹಾಕು. ಮೊಣಕಾಲೂರಿ ತಕ್ಕೊಳ್ತೇನೆ. ನನಗೆ ಅಷ್ಟೇ ಸಾಕು."

ಪೂಜೆಗೆ ಎರಡು ವಾರ ಇರುವಾಗ ಸಿಡಿಲಿಗೆ ಕಂಪ್ಯೂಟರಿನ ಬೋರ್ಡ್ ಸುಟ್ಟಿತು. ಡಿಸ್ಕನ್ನು ಬಿಚ್ಚಿ, ಕಪಾಟಿನಲ್ಲಿದ್ದ ಒಂದು ಹಳೆಯ ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ತೆರೆಯಲಿಲ್ಲ. ಫೈಲುಗಳ ಲೆಕ್ಕವಿಡುವ ಫೈಲ್‌ಸಿಸ್ಟಮ್ ಕೆಟ್ಟಿದೆ ಎಂದಿತು.

"ಹಂಪನಕಟ್ಟೆಯಲ್ಲಿ ರಿಪೇರಿಯವರು ಇದ್ದಾರಲ್ಲ, ಒಮ್ಮೆ ತೋರಿಸಿ" ಎಂದಳು ಹೆಂಡತಿ.

"ಅವರಿಗೆ ಎಂತ ಗೊತ್ತುಂಟು? ಅವರಿಗೇ ಕಲಿಸುವವ ನಾನು" ಎಂದೆ.

ಡಿಸ್ಕಿನ ದೋಷ ಹುಡುಕಿ ಸರಿಮಾಡುವ ಆಜ್ಞೆ ಕೊಟ್ಟೆ. ಅದು ಪಾಪ, ಮೊದಲ ಸಾಲಿನಲ್ಲೇ ಎಚ್ಚರಿಸಿತು: ಫೈಲ್‌ಸಿಸ್ಟಮ್ ಇಷ್ಟು ದೊಡ್ಡದು, ಡಿಸ್ಕ್ ಅದಕ್ಕಿಂತ ಚಿಕ್ಕದಾಗಿ ಕಾಣುತ್ತಿದೆ, ಇಲ್ಲಿಗೇ ನಿಲ್ಲಿಸಲೇ? ಅದೇ ಸಾಲನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದವನು ನಾನು. ನಿಲ್ಲಿಸಬೇಡ ಎಂದೆ. ಆಮೇಲೆ ಅದು ಕೇಳಿದ್ದಕ್ಕೆಲ್ಲ ತಾನಾಗಿಯೇ ಹೌದೆನ್ನುವ ಹಾಗೆ ಮಾಡಿ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಪರದೆಯಲ್ಲಿ ಸಾಲುಸಾಲಾಗಿ ಅಳಿಸಿದೆ, ಅಳಿಸಿದೆ. ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡೆ.

ಮುಗಿದ ಮೇಲೆ ಡಿಸ್ಕ್ ತೆರೆಯಿತು. ಅಮ್ಮನ ಫೋಲ್ಡರ್ ಖಾಲಿ.

ಹಂಪನಕಟ್ಟೆಗೆ ಹೋದೆ. ಅಂಗಡಿಯವರು ತೊಕ್ಕೊಟ್ಟಿನ ಬ್ಯಾರಿ, ನನ್ನದೇ ಪ್ರಾಯ. ಡಿಸ್ಕನ್ನು ಪೆಟ್ಟಿಗೆಯಿಂದ ತೆಗೆದು ತಮ್ಮ ಕಂಪ್ಯೂಟರಿಗೆ ನೇರವಾಗಿ ಜೋಡಿಸಿದರು. ನಾಲ್ಕು ಟಿಬಿಯೂ ಕಂಡಿತು.

"ಸರ್, ಡಿಸ್ಕಿಗೆ ಎಂತ ಸಹ ಆಗ್ಲಿಲ್ಲ. ಹಳೇ ಪೆಟ್ಟಿಗೆ ಇದು, ಎರಡು ಟಿಬಿಯಿಂದ ಆಚೆಗೆ ಇದಕ್ಕೆ ಕಣ್ಣೇ ಕಾಣುದಿಲ್ಲ. ನೀವು ಕೊಟ್ಟ ಆಜ್ಞೆ, ಕಾಣದ್ದನ್ನೆಲ್ಲ ಇಲ್ಲ ಅಂತ ಲೆಕ್ಕ ಹಾಕಿ ಅಳಿಸಿಬಿಟ್ಟಿದೆ. ನೀವು ಮುಟ್ಟುವ ಮೊದಲು ತರ್ಬಹುದಿತ್ತಲ್ಲ ಮಾರಾಯ್ರೆ!"

ಡಿಸ್ಕಿಗೆ ಏನೂ ಆಗಿರಲಿಲ್ಲ. ಸಿಡಿಲೂ ಉಳಿಸಿದ್ದನ್ನು ನಾನು ಕೈಯಾರೆ ಕೊಂದಿದ್ದೆ. ಅಂಗಡಿಯ ಸ್ಟೂಲಿನ ಮೇಲೆ ಕೂತು, ಬಂದುಹೋಗುವ ಗಿರಾಕಿಗಳ ಎದುರೇ ಅತ್ತೆ.

ಅವರು ನಾಲ್ಕು ದಿನ ಹುಡುಕಿದರು. ಸಿಕ್ಕಿದ್ದು ಹೆಸರಿಲ್ಲದ, ಬರೀ ಸಂಖ್ಯೆಗಳ ಸಾವಿರಾರು ಚೂರು. ಕೇಳುವಂತಿದ್ದದ್ದು ಒಂದೇ, ಒಂದು ನಿಮಿಷವೂ ಇಲ್ಲದ್ದು. ತಂಗಿಯೇ ಮೊದಲು ಕೇಳಲಿ ಎಂದು ನಾನು ಅದನ್ನು ಕೇಳದೆ ಇಟ್ಟೆ. ತಂಗಿಗೆ ವಿಮಾನ ಹತ್ತುವ ಮೊದಲೇ ಎಲ್ಲ ಹೇಳಿದೆ. ಅಳಿಸಿಹೋದದ್ದು ಹೌದಾ ಎಂದು ಅವಳು ಎರಡು ಸಲ ಕೇಳಿದಳು. ಆಮೇಲೆ, "ಒಂದು ಉಂಟಲ್ಲ, ಅದನ್ನು ಹಾಕು" ಎಂದಳು.

ವರ್ಷದ ಪೂಜೆಯ ಸಂಜೆ ತೆರ್ಸ್ ಮುಗಿಯಿತು. ತಂಗಿ ಅಲ್ತಾರಿನ ಮುಂದೆ ಮೊಣಕಾಲೂರಿ ಕೈ ಮುಗಿದು ಕಣ್ಣು ಮುಚ್ಚಿದಳು. ನಾನು ಗುಂಡಿ ಒತ್ತಿದೆ.

ಜಪದ ನಡುವೆ ಅಮ್ಮ ತಟ್ಟನೆ ನಿಲ್ಲಿಸಿದ್ದಳು. ಅವಳ ಮಾತು ಕೊಂಕಣಿಯಲ್ಲಿತ್ತು: "ಮಗಾ, ದಿನಾ ಆ ಮೆಷಿನಿನ ಹತ್ತಿರವೇ ಕೂತಿರ್ತೀಯಲ್ಲ. ಒಂದು ದಿನವಾದರೂ ಅದನ್ನು ಬಿಟ್ಟು ಇಲ್ಲಿ ಬಾ, ಮೊಣಕಾಲೂರು. ನಿನಗೆ ಆಶೀರ್ವಾದ ಬೇಡವಾ?" ಅದರ ಹಿಂದೆಯೇ ನನ್ನ ಧ್ವನಿ, ಸಿಡುಕಿನದ್ದು: "ಆಯ್ತಮ್ಮ, ನೀನು ಮುಂದುವರಿಸು." ಅಲ್ಲಿಗೆ ಮುಗಿಯಿತು.

ತಂಗಿ ಕಣ್ಣು ತೆರೆದಳು. ಮುಗಿದ ಕೈಗಳನ್ನು ಬಿಡಿಸಿ, ನನ್ನನ್ನು ನೋಡದೆ ಹೇಳಿದಳು:

"ಉಳಿದ ಒಂದು ಸಹ ನಿನ್ನದೇ."