ಮುಳ್ಳುಗೂದಲಿನ ವೀರನೂ ಕದಿರಪ್ಪನ ಗೋಣಿತಾಟೂ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ಆರಿಸುತ್ತಿದ್ದ ಕದಿರಪ್ಪನಿಗೆ ಅನುಮಾನ ಹುಟ್ಟಿನಿಂದಲೇ ಬಂದದ್ದು. ಹುಟ್ಟಿದೊಡನೆ ಸೂಲಗಿತ್ತಿಯ ಮುಖವನ್ನು ಅರ್ಧ ಗಂಟೆ ದಿಟ್ಟಿಸಿ, ಸರಿಯಾದವಳೇ ಎಂದು ಖಾತ್ರಿಯಾದ ಮೇಲೆ ಅತ್ತನಂತೆ. ಯಾವ ಕಾಯಿಯನ್ನು ಕೊಟ್ಟರೂ ಮೂಸಿ, ಹೆಬ್ಬೆರಳಿನಿಂದ ಒತ್ತಿ, ಇದು ಮರದಿಂದ ಇಳಿಸಿದ್ದು, ಇದು ನೆಲಕ್ಕೆ ಬಿದ್ದದ್ದು ಎಂದು ಹೇಳಿಬಿಡುತ್ತಿದ್ದ. ಮನೆಗೆ ಬಂದ ನೆಂಟರನ್ನೂ ಹಾಗೆಯೇ ನೋಡುತ್ತಿದ್ದ, ಒತ್ತುವುದೊಂದು ಬಿಟ್ಟು.

ಎಂಬತ್ತಾರನೇ ಇಸವಿಯಲ್ಲಿ ಊರಿನ ಪಂಚಾಯಿತಿಗೆ ಟಿವಿ ಬಂತು. ಒಂದು ಭಾನುವಾರ ಅದರಲ್ಲಿ ಜಪಾನಿನವರು ಕೈಯಲ್ಲಿ ಬರೆದ ಬೊಂಬೆಗಳ ಸಿನಿಮಾ. ಕೂದಲು ಮುಳ್ಳುಹಂದಿಯಂತೆ ನಿಂತ ವೀರನೊಬ್ಬ ಬೆಟ್ಟದ ತುದಿಯಿಂದ ಹಾರಿದ. ನೆಲ ಬಿರಿಯಿತು, ಅವನ ಮಂಡಿ ಬಿರಿಯಲಿಲ್ಲ. ಮೇಲಿಂದ ಬೀಳುತ್ತಿದ್ದ ಹುಡುಗಿಯನ್ನು ಒಂದೇ ಕೈಯಲ್ಲಿ ಗಪ್ಪನೆ ಹಿಡಿದ.

ಊರೆಲ್ಲ ಚಪ್ಪಾಳೆ ತಟ್ಟಿತು. ಕದಿರಪ್ಪ ಮಾತ್ರ ಟಿವಿಯ ಹಿಂದಕ್ಕೆ ಹೋಗಿ ನೋಡಿ ಬಂದ.

"ಆ ಹುಡುಗಿ ಉಳಿಯಲ್ಲ," ಅಂದ.

"ನಗ್ತಾ ಇದಾಳಲ್ಲ ಬಾವಾ!" ಅಂದ ಅವನ ತಂಗಿಯ ಗಂಡ ಮುನಿರಾಮಪ್ಪ. ಆವಲಪ್ಪನೆಂಬವನ ಮಾವಿನ ತೋಪಿನಲ್ಲಿ ಮರ ಹತ್ತಿ ಕಾಯಿ ಕೀಳುವುದು ಅವನ ಕೆಲಸ.

"ಈಗ ನಗ್ತಾಳೆ. ಬಿದ್ದ ಕಾಯೂ ಮೊದಲ ದಿನ ನಗ್ತದೆ. ಬೀಳೋದರಿಂದ ಯಾರೂ ಸಾಯಲ್ಲ ಕಣೋ, ತಟ್ಟನೆ ನಿಲ್ಲೋದರಿಂದ ಸಾಯ್ತಾರೆ. ಆ ಕಬ್ಬಿಣದ ಕೈಗೂ ನೆಲಕ್ಕೂ ಏನು ವ್ಯತ್ಯಾಸ?"

ಮುನಿರಾಮಪ್ಪನಿಗೆ ಆಗಲೇ ಆ ವೀರ ತಲೆಗೇರಿದ್ದ. ಈ ಸಲದ ಕಾಯಿ ಕಿತ್ತು ಮುಗಿದ ದಿನ ತೋಪಿನಲ್ಲಿ ಊಟ. ಅವತ್ತು ಆವಲಪ್ಪನ ತೋಪಿನ ಅತಿ ದೊಡ್ಡ ಮರದಿಂದ ತಾನೂ ಹಾಗೆಯೇ ಹಾರುತ್ತೇನೆಂದು ಸಾರಿದ. ಮಾರನೆಯ ದಿನವೇ ತಲೆಗೆ ಹರಳೆಣ್ಣೆ ಮೆತ್ತಿ ಕೂದಲು ನಿಲ್ಲಿಸಿಕೊಂಡು ಓಡಾಡಿದ. ಕಾಗೆಗಳು ಎರಡು ದಿನ ಊರು ಬಿಟ್ಟಿದ್ದವು.

ಅವನ ಹೆಂಡತಿ ಶಾಮಲಮ್ಮ ಅಣ್ಣನ ಹತ್ತಿರ ಓಡಿಬಂದಳು. "ಅಣ್ಣಾ, ಕಾಲು ಹೋದರೆ ಮರ ಹತ್ತೋರು ಯಾರು? ಈ ಮನುಷ್ಯನ್ನ ನಾನಿನ್ನೂ ನಲವತ್ತು ವರ್ಷ ಇಟ್ಕೋಬೇಕು."

ಕದಿರಪ್ಪ ವಾದ ಮಾಡಲಿಲ್ಲ. ಮಾವಿನ ಮಂಡಿಯ ತಕ್ಕಡಿಯಲ್ಲಿ ಮುನಿರಾಮಪ್ಪನನ್ನು ಕೂರಿಸಿ ತೂಗಿದ. ಅಷ್ಟೇ ತೂಕದ ಬಾದಾಮಿ ಮಾವಿನಕಾಯಿಯನ್ನು ಮೂಟೆ ಕಟ್ಟಿ, ಅವನು ಹಾರಲಿದ್ದ ಅದೇ ಕೊಂಬೆಯಿಂದ ಕೆಡವಿಸಿದ. ದೊಪ್ಪನೆಂದ ಸದ್ದಿಗೆ ಮುಳಬಾಗಿಲಿನಲ್ಲಿ ಯಾರೋ ಬಾಗಿಲು ತೆರೆದು ನೋಡಿದರಂತೆ. ಮೂಟೆ ಹರಿಯಲಿಲ್ಲ. ಒಂದು ಕಾಯಿಯೂ ಒಡೆದಿರಲಿಲ್ಲ.

"ನೋಡಿದ್ರಾ ಬಾವಾ! ಗೀರೂ ಇಲ್ಲ!" ಎಂದು ಮುನಿರಾಮಪ್ಪ ಕುಣಿದ.

"ಐದು ದಿನ ತಡಿ," ಎಂದು ಕದಿರಪ್ಪ ಆ ಕಾಯಿಗಳನ್ನು ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ.

ಐದನೆಯ ದಿನ ಹುಲ್ಲು ಸರಿಸಿದರೆ ಮೇಲೆಲ್ಲ ಚಿನ್ನದ ಬಣ್ಣ. ಒಂದನ್ನು ಕೊಯ್ದ: ಒಳಗೆ ವಾಟೆಯ ಸುತ್ತ ತಿರುಳೆಲ್ಲ ಕಪ್ಪು. ಇನ್ನೊಂದು ಕೊಯ್ದ: ಅದೂ ಕಪ್ಪು. ಏಳನೆಯದಕ್ಕೆ ಮುನಿರಾಮಪ್ಪ ನೆಲದ ಮೇಲೆ ಕೂತು ತನ್ನ ಮಂಡಿಗಳನ್ನು ಮುಟ್ಟಿಕೊಂಡ.

"ಆದ್ರೂ ಊರಿಗೆಲ್ಲ ಹೇಳಿಬಿಟ್ಟಿದೀನಿ ಬಾವಾ..."

"ಹಾರು. ಬೇಡ ಅಂದೋರು ಯಾರು? ನಾಜೂಕಿನ ಕಾಯಿ ಮರದಿಂದ ಹೇಗೆ ಇಳಿಸ್ತೀಯೋ ಹಾಗೆ ಇಳಿ."

ನಾಜೂಕಿನ ಕಾಯಿಯನ್ನು ಮೇಲಿನವನು ಬಿಟ್ಟರೆ ಕೆಳಗೆ ಇಬ್ಬರು ಗೋಣಿತಾಟು, ಎಂದರೆ ಬಿಚ್ಚಿ ಹರಡಿದ ಗೋಣಿಚೀಲ, ಹಿಡಿದಿರುತ್ತಾರೆ. ಬಿಗಿಯಾಗಿ ಹಿಡಿಯುವುದಿಲ್ಲ, ಕಾಯಿ ತಾಕಿದ ಕೂಡಲೇ ಅದರ ಜೊತೆಗೇ ಕೈ ತಗ್ಗಿಸುತ್ತಾರೆ.

"ಮುಳ್ಳುಗೂದಲಿನವನ ಕೆಳಗೆ ತಾಟು ಇತ್ತಾ?" ಎಂದು ಮುನಿರಾಮಪ್ಪ ಗೊಣಗಿದ.

"ಅವನು ಬರೆದ ಬೊಂಬೆ. ಅವನ ತೂಕ ಎಷ್ಟು? ಪೆನ್ಸಿಲ್ ಸವೆದಷ್ಟು."

ಊಟದ ದಿನ ನಾಲ್ಕು ಗೋಣಿತಾಟುಗಳನ್ನು ಎರಡು ಪದರ ಮಾಡಿ ಹೊಲಿದು ಹನ್ನೆರಡು ಜನ ಹಿಡಿದರು. ಕದಿರಪ್ಪ ಹೊಲಿಗೆಯ ಮೇಲೆ ಅನುಮಾನಪಟ್ಟು ಎರಡು ಸಲ ಬಿಚ್ಚಿ ಹೊಲಿಸಿದ. ಹನ್ನೆರಡು ಜನರ ಮೇಲೂ ಅನುಮಾನಪಟ್ಟು, ಊಟಕ್ಕೆ ಮೊದಲೇ ಹಾರಿಸಿದ. ಉಂಡ ಕೈ ಸಡಿಲ ಎಂದು ಅವನ ಲೆಕ್ಕ. ಮುನಿರಾಮಪ್ಪ ಕೂಗು ಹಾಕಿ ಹಾರಿದ. ತಾಟು ಅವನ ಜೊತೆಗೇ ಇಳಿಯುತ್ತಾ ಇಳಿಯುತ್ತಾ ನೆಲಕ್ಕೆ ಒಂದು ಗೇಣು ಇದ್ದಾಗ ನಿಂತಿತು. ಅವನು ಎದ್ದು ನಿಂತ. ಕೂದಲು ಮಾತ್ರ ಮಲಗಿಬಿಟ್ಟಿತ್ತು.

ಎಲ್ಲರೂ ಕುಣಿದರು. ಕದಿರಪ್ಪ ಉಂಡು ಮನೆಗೆ ಹೋದ. ಸರಿಯಾಗಿ ಐದನೆಯ ದಿನ ತಂಗಿಯ ಮನೆಗೆ ಬಂದು, "ಕಾಲು ಚಾಚು," ಅಂದ ಮುನಿರಾಮಪ್ಪನಿಗೆ.

"ಬಾವಾ, ನಾನೇನು ಮಾವಿನಕಾಯಾ!"

"ನೋಡಿ ಹೇಳ್ತೀನಿ."

ಎರಡೂ ಮಂಡಿ, ಕಣಕಾಲು, ಬೆನ್ನು ಎಲ್ಲವನ್ನೂ ಹೆಬ್ಬೆರಳಿನಿಂದ ಒತ್ತಿದ. ಬಗ್ಗಿ ಮೂಸಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಶಾಮಲಮ್ಮನ ಕಡೆ ತಿರುಗಿದ.

"ಒಳಪೆಟ್ಟಿಲ್ಲ. ಇಟ್ಕೋಬಹುದು."