ಬಟನ್ನಿಗೆ ಸಿಕ್ಕಿಸಿದ ಚಕ್ಕೆ

ಬೊಮ್ಮಸಂದ್ರದ ಆ ಕಾರ್ಖಾನೆಯಲ್ಲಿ ನಾನು ನಡೆಸುತ್ತಿದ್ದ ಪವರ್ ಪ್ರೆಸ್ಸಿಗೆ ಎರಡು ಬಟನ್ ಇದ್ದವು. ಎಡಗೈಗೆ ಒಂದು, ಬಲಗೈಗೆ ಒಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿದು ತಗಡನ್ನು ಕತ್ತರಿಸುತ್ತಿತ್ತು. ಒಂದನ್ನೇ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಎರಡೂ ಕೈ ಬಟನ್ನಿನ ಮೇಲಿದ್ದರೆ ಅಚ್ಚಿನ ಕೆಳಗೆ ಯಾವ ಕೈಯೂ ಇರುವುದಿಲ್ಲ ಎಂದು ಯೋಚಿಸಿ ಅದನ್ನು ಹಾಗೆ ಮಾಡಿದ್ದರು.

ಆ ಯೋಚನೆಯನ್ನು ನಾವು ಕೆಡಿಸಿದ್ದೆವು. ಪ್ಯಾಕಿಂಗ್ ಪೆಟ್ಟಿಗೆಯಿಂದ ಹೆಬ್ಬೆರಳಿನ ಉಗುರಿನಷ್ಟು ಅಗಲದ ಮರದ ಚಕ್ಕೆಯೊಂದನ್ನು ಸೀಳಿ, ಎಡಗಡೆಯ ಬಟನ್ ಒತ್ತಿಹಿಡಿದು, ಅದು ಮೇಲೇಳದ ಹಾಗೆ ಅಂಚಿಗೆ ಸಿಕ್ಕಿಸುತ್ತಿದ್ದೆವು. ಆಮೇಲೆ ಎಡಗೈಯಿಂದ ತಗಡು ಇಡುವುದು, ಬಲಗೈಯಿಂದ ಒತ್ತುವುದು. ಕೆಲಸ ಬೇಗ ಸಾಗುತ್ತಿತ್ತು, ನಡುವೆ ಹೊರಗೆ ಹೋಗಿ ಬೀಡಿ ಸೇದಲು ಪುರುಸೊತ್ತು ಸಿಗುತ್ತಿತ್ತು. ಸೂಪರ್‌ವೈಸರಿಗೂ ಇದು ಗೊತ್ತಿತ್ತು. ನೋಡದವರ ಹಾಗೆ ದಾಟಿಹೋಗುತ್ತಿದ್ದರು. ಯಾರೂ ಬರೆದಿಡದ ಒಂದೇ ಒಂದು ಕಟ್ಟಳೆ ನಮ್ಮಲ್ಲಿತ್ತು. ಚಕ್ಕೆ ಇಟ್ಟವನು ಪಾಳಿ ಮುಗಿದಾಗ ತಾನೇ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಹೀಗೆ ಪ್ರತಿಯೊಬ್ಬನ ಜೇಬಿನಲ್ಲೂ ಅವನದೇ ಚಕ್ಕೆ ಇರುತ್ತಿತ್ತು. ನನ್ನದು ಎಣ್ಣೆ ಕುಡಿದು ಬಟನ್ನಿನಷ್ಟೇ ಕಪ್ಪಾಗಿತ್ತು.

ನನ್ನದು ಬೆಳಗಿನ ಪಾಳಿ. ಆನೇಕಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ನನ್ನ ಜಾಗಕ್ಕೆ ಬರುತ್ತಿದ್ದವನು ಪಕ್ಕದ ಹಳ್ಳಿಯವನು, ನನಗಿಂತ ಆರೇಳು ವರ್ಷ ಚಿಕ್ಕವನು. ಕಾರ್ಖಾನೆ ನಿಂತಿದ್ದ ನೆಲ ಮೊದಲು ಅವರ ಮನೆಯ ರಾಗಿ ಹೊಲ. ನೆಲ ಕೊಟ್ಟವರ ಮನೆಗೊಂದು ಕೆಲಸ ಎಂದು ಅವನನ್ನು ಸೇರಿಸಿಕೊಂಡಿದ್ದರು. ಹೊಲದ ಬದುವಿನಲ್ಲಿ ಮುನೇಶ್ವರನ ಕಲ್ಲೊಂದು ಇತ್ತಂತೆ. ತಳಪಾಯ ತೋಡುವಾಗ ಅವನೇ ಅದನ್ನು ಎತ್ತಿ, ಕಾಂಪೌಂಡಿನ ಮೂಲೆಯ ಬೇವಿನ ಮರದ ಬುಡಕ್ಕೆ ಇಟ್ಟಿದ್ದ.

ಅವನೊಬ್ಬ ಮಾತ್ರ ಚಕ್ಕೆ ಬಳಸುತ್ತಿರಲಿಲ್ಲ. ಪ್ರತಿ ಸಲವೂ ಎರಡೂ ಕೈ ಚಾಚಿ, ತಲೆ ಬಾಗಿಸಿ ಒತ್ತುತ್ತಿದ್ದ. ನಾವು ಅದನ್ನೇ ಹಿಡಿದು ಕಾಡುತ್ತಿದ್ದೆವು.

“ಏನ್ ಗುರು, ಒಂದೊಂದು ಪೀಸ್‌ಗೂ ಮಿಷಿನ್ನಿಗೆ ಅಡ್ಡಬೀಳ್ತೀಯಲ್ಲೋ, ವರ ಏನಾದ್ರೂ ಕೊಡ್ತಾ?” ಎಂದು ನಾನೇ ಕೇಳಿದ್ದೆ.

“ವರ ಬ್ಯಾಡ ಕಣಣ್ಣ. ಮುದ್ದೆ ಮುರಿಯಕ್ಕೆ ಕೈ ಎಲ್ಡೂ ಇದ್ರೆ ಸಾಕು” ಎಂದು ನಕ್ಕಿದ್ದ.

ಒಂದು ದಿನ ನಾನು ಚಕ್ಕೆ ತೆಗೆಯಲಿಲ್ಲ. ಯಾಕೆಂದು ಹೇಳಲು ದೊಡ್ಡ ಕಾರಣವೇನೂ ಇಲ್ಲ. ನಲ್ಲಿಯ ಹತ್ತಿರ ಪಾಳಿಗೊಂದು ಸೋಪಿನ ತುಂಡು ಇಡುತ್ತಿದ್ದರು. ತಡವಾಗಿ ಹೋದವನು ಮರದ ಪುಡಿಯಲ್ಲಿ ಕೈ ಉಜ್ಜಿಕೊಳ್ಳಬೇಕಿತ್ತು. ಗಂಟೆ ಹೊಡೆದ ಕೂಡಲೇ ನಾನು ಮೋಟಾರು ಆರಿಸಿ ಸೋಪಿಗಾಗಿ ಓಡಿದೆ. ಇಷ್ಟೇ. ಆಮೇಲಿನ ವರ್ಷಗಳಲ್ಲಿ ಇದಕ್ಕಿಂತ ದೊಡ್ಡದೊಂದು ಕಾರಣವನ್ನು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ.

ಪ್ರೆಸ್ಸುಗಳ ಸದ್ದು ನಮಗೆ ನಮ್ಮದೇ ಉಸಿರಿನ ಹಾಗೆ, ಕೇಳಿಸುತ್ತಲೇ ಇರಲಿಲ್ಲ. ಅದು ನಿಂತಾಗ ಕೇಳಿಸಿತು. ನಾನು ಮೊಣಕೈವರೆಗೆ ನೊರೆ ಮಾಡಿಕೊಂಡು ನಲ್ಲಿಯ ಮುಂದೆ ನಿಂತಿದ್ದೆ. ಒಳಗಿನಿಂದ ಒಂದು ಕೂಗು ಬಂತು, ಹಿಂದೆಯೇ ಹಲವು ಕೂಗುಗಳು. ಯಾರೂ ನನಗೆ ಏನನ್ನೂ ಹೇಳಿರಲಿಲ್ಲ. ನೊರೆಯ ಕೈಯಲ್ಲೇ ಎದೆಯ ಜೇಬು ಮುಟ್ಟಿ ನೋಡಿಕೊಂಡೆ. ಜೇಬು ಖಾಲಿ ಇತ್ತು.

ಒಳಗೆ ಓಡಿದೆ. ಅವನು ಪ್ರೆಸ್ಸಿನ ಪಕ್ಕ ನೆಲದ ಮೇಲೆ ಕುಳಿತಿದ್ದ. ಯಾರೋ ಅವನ ಎಡಗೈಗೆ ಎಣ್ಣೆ ಒರೆಸುವ ಬಟ್ಟೆಯನ್ನು ಸುತ್ತುತ್ತಿದ್ದರು. ಅವನು ಅಳುತ್ತಿರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಒಂದೇ ಮಾತು ಹೇಳುತ್ತಿದ್ದ.

“ನಾನು ಒತ್ತಲಿಲ್ಲ ಕಣ್ರಣ್ಣ. ಒಂದೇ ಕೈ ಮಡಗಿದ್ದೆ. ಅದಾಗದೇ ಇಳೀತು.”

ಅವನು ಬಲಗೈಯನ್ನು ಬಲಗಡೆಯ ಬಟನ್ನಿನ ಮೇಲೆ ಊರಿಕೊಂಡು, ಓರೆಯಾದ ತಗಡನ್ನು ಎಡಗೈಯಿಂದ ಸರಿಮಾಡುತ್ತಿದ್ದ. ಎಡಗಡೆಯದನ್ನು ಒತ್ತದ ಹೊರತು ಯಂತ್ರ ಇಳಿಯದು ಎಂದು ನಂಬಿದ್ದ. ಆ ನಂಬಿಕೆ ತಪ್ಪಾಗಿರಲಿಲ್ಲ. ಎಡಗಡೆಯದನ್ನು ನಾನು ಒತ್ತಿಟ್ಟು ಹೋಗಿದ್ದೆ.

ಎಲ್ಲರೂ ಅವನನ್ನು ನೋಡುತ್ತಿದ್ದರು. ನಾನು ಬಟನ್ನನ್ನು ನೋಡುತ್ತಿದ್ದೆ. ಮೋಟಾರು ಆರಿಸುವ ನೆಪದಲ್ಲಿ ಯಂತ್ರದ ಮೇಲೆ ಬಾಗಿ, ಎರಡು ಬೆರಳಲ್ಲಿ ಚಕ್ಕೆ ಕಿತ್ತು ಜೇಬಿಗೆ ಹಾಕಿಕೊಂಡೆ. ಬಟನ್ ಟಕ್ಕೆಂದು ಮೇಲೆದ್ದಿತು. ಅಷ್ಟು ಗಲಾಟೆಯಲ್ಲಿ ಆ ಸದ್ದು ಕೇಳಿಸಿದ್ದು ನನಗೊಬ್ಬನಿಗೇ. ಯೋಚಿಸಿ ಮಾಡಿದ್ದಲ್ಲ ಎಂದು ಬರೆಯಬಹುದು. ಆದರೆ ಹೆದರಿದವನ ಕೈ ತಾನೇ ಯೋಚಿಸುತ್ತದೆ. ಅದಕ್ಕೆ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ.

ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಟನ್ನುಗಳ ಡಬ್ಬಿ ಬಿಚ್ಚಿ ಒಂದೊಂದು ತಂತಿಯನ್ನೂ ನೋಡಿದ. ದೋಷ ಕಾಣಲಿಲ್ಲ. ಬಲಗಡೆಯದನ್ನು ಮಾತ್ರ ಹತ್ತು ಸಲ ಒತ್ತಿ ತೋರಿಸಿದ, ಹತ್ತು ಸಲವೂ ಯಂತ್ರ ಅಲುಗಲಿಲ್ಲ. “ಎಡಗಡೆ ಬಟನ್‌ಗೆ ಅವನೇ ಎಲ್ಲೋ ಮೊಣಕೈ ತಾಗಿಸಿರ್ಬೇಕು” ಎಂದು ಸೂಪರ್‌ವೈಸರ್ ಬರೆದುಕೊಂಡರು. ಕೆಲಸಗಾರರು ಅದನ್ನು ನಂಬಲಿಲ್ಲ. ಆ ಪ್ರೆಸ್ಸು ಹಿಂದಿನ ಆಯುಧಪೂಜೆ ಕಳೆದ ಮೇಲೆ ಬಂದದ್ದು, ಅದಕ್ಕೆ ಕುಂಬಳಕಾಯಿ ಒಡೆದೇ ಇರಲಿಲ್ಲ, ತನಗೆ ಬರಬೇಕಾದ್ದನ್ನು ಅದೇ ತೆಗೆದುಕೊಂಡಿತು ಎಂದರು. ಪೂಜೆಯಾಗದೆ ಯಾರೂ ಅದನ್ನು ಮುಟ್ಟುವುದಿಲ್ಲ ಎಂದಾಗ ಸೂಪರ್‌ವೈಸರೇ ಪೂಜಾರಿಯನ್ನು ಕರೆಸಿದರು.

ಕುಂಬಳಕಾಯಿಗೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ ನನ್ನ ಕೈಗೆ ಕೊಟ್ಟರು. “ಮಿಷಿನ್ ನಿಂದು ಕಣಯ್ಯ, ನೀನೇ ಇಳಿ ತೆಗೆದು ಒಡಿ” ಎಂದರು ಸೂಪರ್‌ವೈಸರ್.

ಯಂತ್ರಕ್ಕೆ ಮೂರು ಸಲ ಇಳಿ ತೆಗೆದೆ. ಜೇಬಿನಲ್ಲಿ ಚಕ್ಕೆ ಇತ್ತು. ಎಲ್ಲಿ ಎಸೆದರೂ ಯಾರಾದರೂ ನೋಡಿಬಿಟ್ಟಾರು ಎಂಬ ಭಯಕ್ಕೆ ಅದನ್ನು ಎಸೆದಿರಲಿಲ್ಲ. ಕುಂಬಳಕಾಯಿ ಎತ್ತಿಹಾಕಿದಾಗ ಕೆಂಪು ನೀರು ಚಿಮ್ಮಿ ನನ್ನ ಪಾದದ ಮೇಲೆ ಬಿತ್ತು. ಯಾರೋ “ಒಳ್ಳೇದಾಯ್ತು ಬುಡು” ಎಂದರು. ಆ ಯಂತ್ರ ನಿರಪರಾಧಿ ಎಂದು ಗೊತ್ತಿದ್ದವನು ನಾನೊಬ್ಬನೇ. ಆದರೂ ಅದಕ್ಕೆ ಎಲ್ಲರಿಗಿಂತ ಹೆಚ್ಚು ಹೆದರಿದವನು ನಾನೇ. ಮರುದಿನದಿಂದ ತಗಡು ಇಡುವಾಗಲೆಲ್ಲ ನನ್ನ ಎಡಗೈ ತಾನೇ ಹಿಂದಕ್ಕೆ ಬರುತ್ತಿತ್ತು. ಮೋಟಾರು ಆರಿಸಿದ ಮೇಲೂ ಅಚ್ಚಿನ ಕೆಳಗೆ ಕೈ ಹಾಕಲು ಆಗುತ್ತಿರಲಿಲ್ಲ.

ಹೇಳಿಬಿಡಬೇಕು ಎಂದುಕೊಂಡೇ ಅವನ ಮನೆಗೆ ಹೋದೆ. ಅವನು ಜಗಲಿಯ ಮೇಲೆ, ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಒರಗಿದ್ದ. ಅವನ ತಾಯಿ ಚಾಪೆ ಹಾಕಿದರು.

“ಬಾರಪ್ಪ, ಕುಂತ್ಕೋ. ಆಸ್ಪತ್ರೇಲಿ ದಿನಾ ಒಂದೇ ಮಾತು ಇವಂದು. ನಾನೇನ್ ಮಾಡಿದ್ದೆ, ನಂಗೇ ಯಾಕೆ, ನಂಗೇ ಯಾಕೆ ಅಂತ. ಅನ್ನ ಮುಟ್ತಿರ್ಲಿಲ್ಲ.”

“ಈಗ?”

“ಈಗ ಗೊತ್ತಾತಲ್ಲಪ್ಪ. ಮುನೇಸ್ವರನ ಕಲ್ಲನ್ನ ಒಂದು ಮಾತೂ ಕೇಳ್ದಂಗೆ ಎತ್ತಿ ಮೂಲೆಗೆ ಮಡಗ್ಬುಟ್ಟ. ಎತ್ತಿದ ಕೈನೇ ಆತ ಇಡಕಂಡ. ಮೂರು ಬೆಳ್ಳು ತಕ್ಕಂಡು ಮಗನ್ನ ಬುಟ್ಟವ್ನೆ. ಅದು ಆತನ ದೊಡ್ಡತನ ಅನ್ನು.”

ಅವನು ಮೇಲೆ ನೋಡುತ್ತ “ಊಂ ಕಣಣ್ಣ” ಎಂದ. ಆ ಮುಖದಲ್ಲಿ ನೋವಿತ್ತು, ಆದರೆ ಅಂದು ನೆಲದ ಮೇಲೆ ಕುಳಿತಿದ್ದಾಗಿನ ದಿಗಿಲು ಇರಲಿಲ್ಲ. ತಾಯಿ ಕೊಟ್ಟ ಮಜ್ಜಿಗೆಯನ್ನು ಕುಡಿದೆ. ಇವರಿಗೆ ಸಿಕ್ಕಿರುವ ಸಮಾಧಾನವನ್ನು ಕಸಿಯುವುದು ಪಾಪ ಎಂದು ನನಗೆ ನಾನೇ ಹೇಳಿಕೊಂಡು ಎದ್ದು ಬಂದೆ. ನಾನು ಅಲ್ಲಿ ಕಾಪಾಡಿದ್ದು ಯಾರ ಸಮಾಧಾನವನ್ನು ಎಂದು ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ತಿಳಿದಿತ್ತು.

ಗಾಯ ಮಾಗಿದ ಮೇಲೆ ಅವನನ್ನು ಗೇಟಿನ ಕಾವಲಿಗೆ ಹಾಕಿದರು. ಬೇವಿನ ಬುಡದ ಕಲ್ಲಿಗೆ ಅವನು ದಿನವೂ ದೀಪ ಹಚ್ಚಿ ವಿಭೂತಿ ಇಡತೊಡಗಿದ. ಒಳಗೆ ಹೋಗುವವರು ಅದನ್ನು ಹಣೆಗೆ ಹಚ್ಚಿಕೊಂಡು ಹೋಗುತ್ತಿದ್ದರು. ಭಯಕ್ಕೆ ಎಲ್ಲರೂ ಎರಡೂ ಕೈಯಲ್ಲೇ ಒತ್ತುತ್ತಿದ್ದರು. ಕೆಲವು ತಿಂಗಳು ಹಾಗೆ ನಡೆಯಿತು.

ಆಮೇಲೆ ಒಂದು ಬೆಳಿಗ್ಗೆ, ಪಕ್ಕದ ಪ್ರೆಸ್ಸಿಗೆ ಹೊಸದಾಗಿ ಬಂದಿದ್ದ ಬೇಗೂರಿನವನು ಎಡಗಡೆಯ ಬಟನ್ನಿಗೆ ಚಕ್ಕೆ ಸಿಕ್ಕಿಸಿದ್ದನ್ನು ಕಂಡೆ. ಇಬ್ಬರು ಮಕ್ಕಳ ತಂದೆ ಆತ. ನನ್ನ ಯಂತ್ರ ಬಿಟ್ಟು ಆತನ ಹತ್ತಿರ ಹೋದೆ.

“ತೆಗಿ ಅದನ್ನ. ಇಲ್ಲಿ ಏನಾಗಿತ್ತು ಗೊತ್ತಾ?”

“ಗೊತ್ತು ಬುಡಣ್ಣ. ಅದು ಪೂಜೆ ಇಲ್ದೆ ಆಗಿದ್ದಲ್ವಾ? ಈಗ ಕುಂಬಳಕಾಯಿ ಒಡ್ದೈತೆ. ದಿನಾ ವಿಭೂತಿ ಬೇರೆ. ಇನ್ನೇನ್ ಭಯ?”

ನಾನೇ ಒಡೆದ ಕುಂಬಳಕಾಯಿ. ಅದರ ಧೈರ್ಯದಿಂದ ಈತ ಅಚ್ಚಿನ ಕೆಳಗೆ ಕೈ ಇಡುತ್ತಿದ್ದ. ನಾನು ಚಕ್ಕೆ ಕಿತ್ತು ಎಸೆದೆ. ನೀರು ಕುಡಿದು ಬರುವಷ್ಟರಲ್ಲಿ ಇನ್ನೊಂದು ಸಿಕ್ಕಿಸಿದ್ದ. ಅವತ್ತು ಪಾಳಿ ಮುಗಿಯುವವರೆಗೂ ನನ್ನ ಕಣ್ಣು ನನ್ನ ಕೆಲಸದ ಮೇಲೆ ಇರಲಿಲ್ಲ, ಆತನ ಎಡಗೈಯ ಮೇಲಿತ್ತು. ಬೆರಳುಗಳನ್ನು ಎಣಿಸುತ್ತಿದ್ದೆ.

ಎರಡು ಗಂಟೆಗೆ ಸೋಪಿನ ಕಡೆ ಹೋಗಲಿಲ್ಲ. ಎಣ್ಣೆಗೈಯಲ್ಲೇ ಬೇವಿನ ಮರದ ಹತ್ತಿರ ಹೋದೆ. ಗೇಟಿನವನು ಕಲ್ಲಿನ ಸುತ್ತ ಬಿದ್ದ ಎಲೆ ಗುಡಿಸುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಸೋಪು, ಖಾಲಿ ಜೇಬು, ಮೋಟಾರು ಆರಿಸುವ ನೆಪ. ನನ್ನ ಧ್ವನಿ ನನಗೇ ದೂರದಿಂದ ಬಂದ ಹಾಗಿತ್ತು.

ಅವನು ಪೊರಕೆಯನ್ನು ಮರಕ್ಕೆ ಒರಗಿಸಿದ. “ಅಂಗಾರೆ ನಾನು ಒತ್ತಲಿಲ್ಲ” ಎಂದ.

“ಇಲ್ಲ.”

“ಮೊಣಕೈ ತಾಗ್ಸಿದ್ದೀಯ ಅಂತ ಬರೆದವ್ರೆ. ಇರಬೈದೇನೋ ಅಂತ ನಂಗೂ ಆಗೋಗಿತ್ತು.” ನಂತರ ಕೇಳಿದ: “ಐತಾ ಅದು?”

ಜೇಬಿನಿಂದ ತೆಗೆದು ಕೊಟ್ಟೆ. ಅವನು ಅದನ್ನು ಎಡ ಅಂಗೈಯ ಮೇಲಿಟ್ಟುಕೊಂಡು ನೋಡಿದ. ಮುಷ್ಟಿ ಕಟ್ಟಲು ಹೋದ. ಆಗಲಿಲ್ಲ, ಚಕ್ಕೆ ಜಾರಿ ಕೆಳಗೆ ಬಿತ್ತು. ನಾನು ಬಾಗಿ ಎತ್ತಿಕೊಡಲು ಹೋದಾಗ “ಮುಟ್ಬ್ಯಾಡ” ಎಂದ. ‘ಅಣ್ಣ’ ಎನ್ನದೆ ಅವನು ನನಗೆ ಹೀಗೆ ಆಜ್ಞೆ ಮಾಡಿದ್ದು ಅದೇ ಮೊದಲು. ತಾನೇ ಎತ್ತಿಕೊಂಡ.

“ಮುನೇಸ್ವರ ತಕ್ಕಂಡ ಅಂದ್ಕಂಡಾಗ ನೋವಾಗ್ತಿತ್ತು. ಆದ್ರೂ ದೇವ್ರು ನನ್ ಕಡೆ ತಿರುಗಿ ನೋಡವ್ನೆ ಅನ್ನದೊಂದಿತ್ತು. ಈಗ ಏನು? ಇಷ್ಟುದ್ದ ಚಕ್ಕೆ. ಒಂದು ಸೋಪು.”

ಕಷ್ಟ ಯಾಕೆ ಬರುತ್ತದೆ ಎಂದು ಯಾರಾದರೂ ದೊಡ್ಡ ಮಾತಿನಲ್ಲಿ ವಿವರಿಸಿದಾಗ ನನಗೆ ಅವನ ಅಂಗೈ ನೆನಪಾಗುತ್ತದೆ. ಆ ಪ್ರಶ್ನೆಗೆ ನನ್ನ ಜೇಬಿನಲ್ಲಿದ್ದ ಉತ್ತರ ನಿಜವಾಗಿತ್ತು. ಆದರೆ ಅದನ್ನು ಹಿಡಿದುಕೊಂಡು ಬದುಕಲು ಆಗುವಂತಿರಲಿಲ್ಲ.

“ನಮ್ಮವ್ವಂಗೆ ಯೋಳ್ಬ್ಯಾಡ” ಎಂದ ಅವನು. ಪೊರಕೆ ತೆಗೆದುಕೊಂಡು, ಉಳಿದ ಎಲೆಗಳನ್ನೂ ಗುಡಿಸಿದ.

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಸಾಲು ನಿಂತಿತ್ತು. ಅವನು ಒಬ್ಬೊಬ್ಬನ ಜೇಬಿಗೂ ಕೈ ಹಾಕಿ ನೋಡಿ ಒಳಗೆ ಬಿಡುತ್ತಿದ್ದ.

“ಏನಪ್ಪಾ ಇದು? ಮಿಷಿನ್ನನ್ನ ಜೇಬಲ್ಲಿ ಇಟ್ಕೊಂಡು ಓಗ್ತೀವಾ?” ಎಂದು ಯಾರೋ ನಗಾಡಿದರು.

“ಮುನೇಸ್ವರನ ಅಪ್ಪಣೆ ಆಗೈತೆ. ಮರದ ಚೂರು ಒಳೀಕ್ಕೆ ಓಗಂಗಿಲ್ಲ. ಇಟ್ಟವನ ಕೈ ಉಳಿಯಲ್ಲ” ಎಂದ ಅವನು, ಮುಖ ಅಲುಗಿಸದೆ.

ನಗು ನಿಂತಿತು. ಬೇಗೂರಿನವನು ತಾನಾಗಿಯೇ ಜೇಬಿನಿಂದ ಚಕ್ಕೆ ತೆಗೆದು ಬೇವಿನ ಬುಡಕ್ಕೆ ಎಸೆದ. ಅಲ್ಲಿಂದ ಮುಂದೆ ಪ್ಯಾಕಿಂಗ್ ಪೆಟ್ಟಿಗೆಗಳನ್ನೂ ಕಾವಲಿನವನು ಗೇಟಿನ ಹತ್ತಿರವೇ, ತನ್ನ ಕಣ್ಣೆದುರಿಗೇ ಒಡೆಸಿದ. ನಾನು ಅಲ್ಲಿದ್ದಷ್ಟು ಕಾಲ ಇನ್ನೊಬ್ಬನ ಕೈ ಹೋಗಲಿಲ್ಲ. ಸೂಪರ್‌ವೈಸರಿಗೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಅವನು ಹೇಳೆಂದು ಕೇಳಲೂ ಇಲ್ಲ.

ಎಲ್ಲರ ಜೇಬನ್ನೂ ಅವನು ಬಲಗೈಯಿಂದ ನೋಡುತ್ತಿದ್ದ. ನನ್ನ ಸರದಿ ಬಂದಾಗ ಮಾತ್ರ ಎಡಗೈ ಚಾಚುತ್ತಿದ್ದ. ಉಳಿದ ಎರಡು ಬೆರಳು ನನ್ನ ಎದೆಯ ಜೇಬಿನೊಳಕ್ಕೆ ಇಳಿದು, ಮೂಲೆಯವರೆಗೂ ನಿಧಾನವಾಗಿ ಹುಡುಕುತ್ತಿದ್ದವು. ಅವುಗಳಿಗೆ ನನ್ನ ಎದೆ ಬಡಿದುಕೊಳ್ಳುವುದು ಗೊತ್ತಾಗುತ್ತಿತ್ತು ಎಂದು ನನಗೆ ಗೊತ್ತು. ಆಮೇಲೆ ಅವನು ಕೈ ತೆಗೆದು “ಊಂ, ಓಗು” ಎನ್ನುತ್ತಿದ್ದ.