ಬಲಗಡೆಯ ಅಂಚು

ಕಾಶಿಗೆ ಕರೆದೊಯ್ಯುವ ಪ್ರವಾಸದವನು ನಮಗೆಲ್ಲ ಒಂದೇ ಥರದ ಪೆಟ್ಟಿಗೆ ಹಂಚಿದ. ನೀಲಿ ಬಣ್ಣ, ನಾಲ್ಕು ಚಕ್ರ, ಮುಂದೆ ದಪ್ಪಕ್ಷರದಲ್ಲಿ ಅವನದೇ ಹೆಸರು. ಮೊಳಕಾಲ್ಮೂರಿನ ನನ್ನ ತವರು ಬೀದಿಯಿಂದ ಹದಿಮೂರು ಹೆಂಗಸರು ಹೊರಟಿದ್ದರು. ಎಲ್ಲರೂ ಮಗ್ಗದವರು, ಎಲ್ಲರೂ ಅರವತ್ತು ದಾಟಿದವರು. ಅವರಲ್ಲಿ ಒಬ್ಬಳು ನನ್ನ ಅಮ್ಮ. ಅವಳನ್ನು ನೋಡಿಕೊಳ್ಳಲು ಚಳ್ಳಕೆರೆಯಿಂದ ನಾನು ಹದಿನಾಲ್ಕನೆಯವಳಾಗಿ ಸೇರಿದ್ದೆ. ನಾನು ಪಾಠ ಮಾಡುವ ಹೈಸ್ಕೂಲಿಗೆ ದಸರಾ ರಜೆ ಇತ್ತು, ಅದಕ್ಕೇ ಸಾಧ್ಯವಾಯಿತು.

ಹೊರಡುವ ವಾರ ಅವನು ಬೀದಿಗೇ ಬಂದು, ದೇವಸ್ಥಾನದ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ತಿಳಿಸಿ ಹೇಳಿದನಂತೆ. "ನೋಡ್ರವ್ವಾ, ವಿಮಾನ ಇಳಿದ್ ಮೇಲೆ ಪೆಟ್ಟಿಗೆ ಎಲ್ಲಾ ಒಂದು ಬೆಲ್ಟ್ ಮೇಲೆ ತಿರುಗ್ತಾ ಬರ್ತಾವೆ. ನಿಮ್ದೆಲ್ಲಾ ಒಂದೇ ಥರ ಐತೆ. ಅದಕ್ಕೆ ಹಿಡಿಕೆಗೆ ಏನಾದ್ರೂ ಬಣ್ಣದ್ದು ಕಟ್ಕಳ್ರಿ. ದೂರದಿಂದ ನೋಡಿದ್ರೂ ಇದು ನಂದು ಅಂತ ಗೊತ್ತಾಗ್ಬೇಕು."

ಎಲ್ಲರೂ ತಲೆಯಾಡಿಸಿದರಂತೆ. ಅವನು ಯಾರಿಗೆ ಈ ಮಾತು ಹೇಳುತ್ತಿದ್ದೇನೆಂದು ಸ್ವಲ್ಪ ಯೋಚಿಸಬೇಕಿತ್ತು.

ಹೊರಡುವ ಹಿಂದಿನ ದಿನ ನಾನು ಅಮ್ಮನ ಮನೆ ತಲುಪಿದಾಗ ಅವಳು ಪೆಟ್ಟಿಗೆಯನ್ನು ಮಡಿಲಿಗೆ ಒರಗಿಸಿಕೊಂಡು ಹಿಡಿಕೆಗೆ ಒಂದು ರೇಷ್ಮೆಯ ಪಟ್ಟಿ ಕಟ್ಟುತ್ತಿದ್ದಳು. ನಾಲ್ಕು ಬೆರಳಗಲ, ಒಂದು ಮೊಳ ಉದ್ದ. ಕುಂಕುಮದ ಕೆಂಪಿಗೆ ಜರಿಯ ಗೆರೆ. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ನಮ್ಮ ಮನೆಯ ಮಗ್ಗದ ಮೇಲೆ ಕೊನೆಗೆ ನೇಯ್ದ ತುದಿ ಅದು.

ನಮ್ಮದು ಕುಣಿ ಮಗ್ಗ. ಸೀರೆಯ ಮೈಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬರಬೇಕಾದರೆ ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತವರು ಮೈಯನ್ನೂ ಎಡಗಡೆಯ ಅಂಚನ್ನೂ ನೇಯುತ್ತಾರೆ. ಬಲಗಡೆ ಇನ್ನೊಬ್ಬರು ಕುಳಿತು ಆ ಕಡೆಯ ಅಂಚಿನ ಲಾಳಿ ಎಸೆಯಬೇಕು. ಕುಣಿಯಲ್ಲಿ ಅಮ್ಮ. ಬಲಕ್ಕೆ ಪಕ್ಕದ ಮನೆಯವಳು, ಅಮ್ಮ ಅಕ್ಕ ಎಂದೂ ನಾನು ದೊಡ್ಡವ್ವ ಎಂದೂ ಕರೆಯುತ್ತಿದ್ದವಳು. ನಮಗೆ ಅವಳು ಬಂಧುವಲ್ಲ, ನಮ್ಮ ಜಾತಿಯವಳೂ ಅಲ್ಲ. ನಾವು ಮನೆಯಲ್ಲಿ ತೆಲುಗು ಆಡುವವರು, ಅವಳು ಅಪ್ಪಟ ಕನ್ನಡದವಳು. ಅಮ್ಮ ಕನ್ನಡ ಕಲಿತದ್ದೇ ಅವಳಿಂದ, ಲಾಳಿಯ ಸದ್ದಿನ ನಡುವೆ. ಈಗಲೂ ಅಮ್ಮ ನನ್ನೊಂದಿಗೆ ತೆಲುಗಿನಲ್ಲೇ ಮಾತಾಡುತ್ತಾಳೆ. ದೊಡ್ಡವ್ವನ ಸುದ್ದಿ ಬಂದರೆ ಮಾತ್ರ ತಾನಾಗಿ ಕನ್ನಡಕ್ಕೆ ಹೊರಳುತ್ತಾಳೆ.

ನಲವತ್ತು ವರ್ಷ ಇಬ್ಬರೂ ಹಾಗೆ ಕುಳಿತರು. ನೇಯ್ದ ಸೀರೆಗಳೆಲ್ಲ ಸಾಹುಕಾರರ ಮನೆಗೆ ಹೋದವು, ಅಲ್ಲಿಂದ ಯಾರ ಯಾರ ಮದುವೆಗೋ. ಒಂದನ್ನೂ ಇಬ್ಬರೂ ಉಡಲಿಲ್ಲ. ಅದರ ಬಗ್ಗೆ ಅವರಿಗೆ ದುಃಖವೇನೂ ಇದ್ದಂತಿರಲಿಲ್ಲ. ದುಃಖ ಇದ್ದದ್ದು ನನಗೆ, ಹರೆಯದಲ್ಲಿ, ಅದೂ ಗೆಳತಿಯರ ಮುಂದೆ. ಅವರಿಗಿದ್ದ ಆಸೆ ಒಂದೇ, ಕಾಶಿ. "ಈ ಹಾಸು ಮುಗೀಲಿ, ಹೋಗಣ" ಎಂದು ದೊಡ್ಡವ್ವ ಹೇಳುವಳು. ಮಗ್ಗಕ್ಕೆ ಏರಿಸಿದ ಆ ಉದ್ದನೆಯ ನೂಲಿನ ಹಾಸು ಮುಗಿಯುವ ಹೊತ್ತಿಗೆ ಸಾಹುಕಾರರ ಮನೆಯಿಂದ ಇನ್ನೊಂದು ಹಾಸು ಬಂದಿರುತ್ತಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಎದೆ ಹಿಡಿದಂತಾಗುತ್ತದೆ ಎಂದು ಲಾಳಿ ಕೆಳಗಿಟ್ಟು ಮನೆಗೆ ಹೋಗಿ ಮಲಗಿದ ದೊಡ್ಡವ್ವ ಮತ್ತೆ ಏಳಲಿಲ್ಲ. ಮಗ್ಗದ ಮೇಲೆ ಆಗಷ್ಟೇ ಒಂದು ಮೊಳ ನೇಯ್ದಿದ್ದರು. ಅಮ್ಮ ಅಷ್ಟನ್ನು ಕತ್ತರಿಸಿಕೊಂಡು ಉಳಿದ ಹಾಸನ್ನು ಸುತ್ತಿ ಸಾಹುಕಾರರಿಗೆ ವಾಪಸ್ಸು ಕಳಿಸಿದಳು. ಬೇರೆಯವರನ್ನು ಬಲಕ್ಕೆ ಕೂರಿಸಿಕೋ ಎಂದು ಬೀದಿಯವರು ಹೇಳಿದರು. ಅಮ್ಮ ಮಗ್ಗ ಬಿಚ್ಚಿಸಿ ಕುಣಿಗೆ ಮಣ್ಣು ತುಂಬಿಸಿದಳು.

ಈಗ ಪೆಟ್ಟಿಗೆಗೆ ಕಟ್ಟುತ್ತಿದ್ದದ್ದು ಆ ತುಂಡಿನ ಅಂಚನ್ನು. ನನಗೆ ರೇಗಿತು. ಅದನ್ನು ಯಾರಾದರೂ ಹೀಗೆ ಹೊರಗೆ ಕಟ್ಟುತ್ತಾರೆಯೇ? ವಿಮಾನಕ್ಕೆ ಪೆಟ್ಟಿಗೆ ಎತ್ತಿ ಎಸೆಯುವವರು ಇದನ್ನು ನೋಡಿಕೊಂಡು ಎಸೆಯುತ್ತಾರೆಯೇ? ಹರಿದು ಹೋಗುತ್ತದೆ, ಬಿಚ್ಚಿ ಒಳಗಿಡು, ಗುರುತಿಗೆ ನಾನು ರಿಬ್ಬನ್ನು ತಂದಿದ್ದೇನೆ ಎಂದೆ.

ಅಮ್ಮ ತಲೆ ಎತ್ತದೆ ಗಂಟು ಬಿಗಿ ಮಾಡುತ್ತಲೇ ಕನ್ನಡದಲ್ಲಿ ಅಂದಳು. "ಇದು ಅಕ್ಕನ ಕಡೆ ಅಂಚು ಕಣೆ. ಒಳಗೆ ಇಟ್ರೆ ಅಕ್ಕಂಗೆ ಏನ್ ಕಾಣ್ತೈತೆ?"

ಅಮ್ಮ ಕಾಶಿಗೆ ಒಬ್ಬಳೇ ಹೊರಟಿಲ್ಲ ಎಂದು ಆಗ ತಿಳಿಯಿತು.

ಕಾಶಿಯ ವಿಮಾನ ನಿಲ್ದಾಣದಲ್ಲಿ ಬೆಲ್ಟು ತಿರುಗಲು ಶುರುವಾಯಿತು. ಮೊದಲು ಯಾರ್ಯಾರದೋ ಕಪ್ಪು ಪೆಟ್ಟಿಗೆಗಳು ಬಂದವು. ಆಮೇಲೆ ರಬ್ಬರ್ ಪರದೆಯನ್ನು ತಳ್ಳಿಕೊಂಡು ನಮ್ಮ ನೀಲಿ ಪೆಟ್ಟಿಗೆ ಒಂದು ಬಂತು, ಹಿಡಿಕೆಯಲ್ಲಿ ರೇಷ್ಮೆ ಸೀರೆಯ ಅಂಚು. ಅದರ ಹಿಂದೆ ಇನ್ನೊಂದು, ಅದಕ್ಕೂ ಸೀರೆಯ ಅಂಚು. ಮೂರನೆಯದಕ್ಕೂ ಅದೇ. ಮಗ್ಗದವರ ಮನೆಯಲ್ಲಿ ಬಣ್ಣದ್ದು, ಗಟ್ಟಿ ಇರುವಂಥದ್ದು ಬೇಕೆಂದರೆ ಹಾಸಿನ ತುದಿಯಲ್ಲಿ ಉಳಿದ ತುಂಡು ಬಿಟ್ಟು ಬೇರೆ ಏನಿರುತ್ತದೆ? ಒಬ್ಬರಿಗೊಬ್ಬರು ಹೇಳದೆ, ಕೇಳದೆ, ಹದಿಮೂರು ಜನವೂ ಅದನ್ನೇ ಕಟ್ಟಿದ್ದರು. ಆ ವರ್ಷ ಬೀದಿಗೆಲ್ಲ ಸಾಹುಕಾರರು ಕೊಟ್ಟದ್ದು ಕೆಂಪು ಅಂಚಿನ ಕೆಲಸವೇ ಆದ್ದರಿಂದ ಬಹಳಷ್ಟು ಕೆಂಪೇ ಆಗಿದ್ದವು. ಪ್ರವಾಸದವನು ಹಣೆಗೆ ಕೈ ಹಚ್ಚಿದ. "ಅಯ್ಯೋ ನಮ್ಮವ್ವಗಳಾ, ಗುರುತಿಗೆ ಕಟ್ರೀ ಅಂದ್ರೆ ಯೂನಿಫಾರಂ ಹಾಕ್ಬಿಟ್ರಲ್ಲ!"

ನಾನೂ ಜೋರಾಗಿ ನಕ್ಕೆ. ನಗು ಬಹಳ ಹೊತ್ತು ಉಳಿಯಲಿಲ್ಲ. ಆ ಹೆಂಗಸರಿಗೆ ಗೊಂದಲವೇ ಆಗಿರಲಿಲ್ಲ. ಬೆಲ್ಟಿನ ಪಕ್ಕ ಸಾಲಾಗಿ ನಿಂತು, ಹೋಗುತ್ತಿದ್ದ ಪಟ್ಟಿಯನ್ನು ಎರಡು ಬೆರಳಿನಲ್ಲಿ ಮುಟ್ಟಿ, ನೇಯುವಾಗ ದಾರವನ್ನು ಬಿಗಿಯಾಗಿ ಬಡಿದು ಕೂರಿಸಿದ ಕೈ ಯಾರದೆಂದು ಹೇಳಿಬಿಡುತ್ತಿದ್ದರು. "ಇದು ಮೂಲೆಮನೆಯೋಳ್ದು, ಬಡಿತ ಸಡಿಲ." "ಇದು ನಿಂದೇ ಕಣೆ, ಜರಿ ಕಡಿದಾಗೆಲ್ಲ ಗಂಟು ಮೇಲೇ ಬಿಡ್ತೀಯ." "ಇಷ್ಟು ಗಟ್ಟಿ ಬಡಿಯೋದು ನಮ್ಮ ಅತ್ತಿಗೆ ಒಬ್ಳೇ." ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ಎತ್ತಿ ಕೊಡುತ್ತಿದ್ದರು. ಒಂದೂ ತಪ್ಪಲಿಲ್ಲ.

ನಾನೂ ಒಂದೆರಡು ಪಟ್ಟಿ ಮುಟ್ಟಿ ನೋಡಿದೆ. ಎಲ್ಲವೂ ಒಂದೇ ಥರ ಇದ್ದವು. ಎಂ.ಎ. ಮಾಡಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿದ ನಾನು ಆ ಹದಿಮೂರು ಜನರ ನಡುವೆ ಒಬ್ಬಳೇ ಓದು ಬಾರದವಳಾಗಿ ನಿಂತಿದ್ದೆ. ಮಗ್ಗದ ಹತ್ತಿರ ಬರಬೇಡ, ಓದಿಕೋ ಎಂದು ನನ್ನನ್ನು ಎಬ್ಬಿಸಿ ಕಳಿಸಿದವಳು ಅಮ್ಮನೇ. ಆಗ ಓಡಿ ಹೋಗಿದ್ದೆ, ಖುಷಿಯಿಂದ. ಅಮ್ಮನ ಕೈ ಬಡಿತ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಬೀದಿಯವರೆಲ್ಲರಲ್ಲೂ ಇದೆ. ಆ ಹೊತ್ತು ನನಗೆ ಅದು ಬಹಳ ಬೇಕು ಅನ್ನಿಸಿತು.

ಕೊನೆಯ ನೀಲಿ ಪೆಟ್ಟಿಗೆ ಬಂದಾಗ ಅದರ ಹಿಡಿಕೆ ಬರಿದಾಗಿತ್ತು. ಅಮ್ಮನದೇ ಪೆಟ್ಟಿಗೆ. ಹಿಡಿಕೆಗೆ ಎರಡು ಎಳೆ ಕೆಂಪು ದಾರ ಅಂಟಿಕೊಂಡಿದ್ದವು, ಅಷ್ಟೇ.

ಅಮ್ಮ ಪೆಟ್ಟಿಗೆ ತೆಗೆದುಕೊಳ್ಳಲೇ ಇಲ್ಲ. ಅದು ಅವಳ ಮುಂದೆ ಹಾದು ಇನ್ನೊಂದು ಸುತ್ತು ಹೋಯಿತು. ನಾನೇ ಓಡಿ ಎಳೆದುಕೊಂಡೆ. "ಸಿಕ್ಕಿತಲ್ಲ, ನಡಿ" ಎಂದೆ. ಅವಳು ಪರದೆಯನ್ನೇ ನೋಡುತ್ತ ನಿಂತಳು. ಬೆಲ್ಟು ನಿಂತಿತು. ಬೇರೆ ಪ್ರಯಾಣಿಕರೆಲ್ಲ ಹೋದರು. ಹೊರಗೆ ಬಸ್ಸು ಕಾಯುತ್ತಿದೆ ಎಂದು ಪ್ರವಾಸದವನು ಎರಡು ಸಲ ಬಂದು ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಆಗಲೇ ಹೇಳಿದ್ದೆ, ಕೇಳಲಿಲ್ಲ, ಒಂದು ತುಂಡು ಬಟ್ಟೆಗೆ ಎಲ್ಲರನ್ನೂ ಎಷ್ಟು ಹೊತ್ತು ನಿಲ್ಲಿಸುತ್ತೀಯ ಎಂದು ಅಷ್ಟು ಜನರ ಮುಂದೆ ಕೂಗಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಮ್ಮ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು. "ನಲವತ್ತು ವರ್ಷ ನನ್ನ ಪಕ್ಕ ಕೂತೋಳು ಕಣೆ. ಇಲ್ಲಿವರೆಗೆ ಕರ್ಕೊಂಡ್ ಬಂದು ಬಾಗಿಲಲ್ಲಿ ಬಿಟ್ಟು ಹೋಗ್ಲಾ?"

ಆ ಮಾತಿಗೆ ಉಳಿದ ಹನ್ನೆರಡು ಜನವೂ ತಮ್ಮ ತಮ್ಮ ಪೆಟ್ಟಿಗೆ ನೆಲಕ್ಕೆ ಮಲಗಿಸಿ ಅದರ ಮೇಲೇ ಕುಳಿತುಬಿಟ್ಟರು. ಬಸ್ಸಿನ ಮಾತು ಅಲ್ಲಿಗೆ ಮುಗಿಯಿತು. ಅವರಲ್ಲಿ ಒಬ್ಬಾಕೆಗೆ ಸಂತೆಯಲ್ಲಿ ಕಲಿತ ಉರ್ದು ಬರುತ್ತಿತ್ತು. ಆಕೆ ನೆಲ ಒರೆಸುತ್ತಿದ್ದ ಒಬ್ಬನನ್ನು ಹಿಡಿದುಕೊಂಡು, ತನ್ನ ಪೆಟ್ಟಿಗೆಯ ಪಟ್ಟಿ ತೋರಿಸಿ, ಇಂಥದೇ ಒಂದು ಒಳಗೆ ಬಿದ್ದಿದೆ ನೋಡಪ್ಪ ಎಂದು ಕೇಳಿಕೊಂಡಳು. ಅವನು ಜರಿಯನ್ನು ಬೆಳಕಿಗೆ ಹಿಡಿದು, ಚಿನ್ನದ್ದಾ ಎಂದು ಕೇಳಿದ. ಆಕೆ ಸ್ವಲ್ಪವೂ ಯೋಚಿಸದೆ ಹೌದು ಅಂದಳು.

ಅವನು ಒಳಗೆ ಹೋಗಿ ಯಾರನ್ನೋ ಕರೆದು, ಬಹಳ ಹೊತ್ತಾದ ಮೇಲೆ ಬಂದ. ಕೈಯಲ್ಲಿ ಪಟ್ಟಿ ಇತ್ತು. ಬೆಲ್ಟಿನ ಸಂದಿನಲ್ಲಿ ಸಿಕ್ಕಿಕೊಂಡು ಅರ್ಧಕ್ಕೆ ಕಪ್ಪು ಗ್ರೀಸು ಮೆತ್ತಿತ್ತು. ಅದು ಅಮ್ಮನ ಕೈಗೆ ಬರುವ ಮೊದಲು ಅಲ್ಲಿದ್ದವರ ಕೈಗಳನ್ನೆಲ್ಲ ದಾಟಿ ಬರಬೇಕಾಯಿತು. ಮೊದಲನೆಯಾಕೆ ಅಂಚಿನ ತುದಿಯ ಮೇಲೆ ಬೆರಳಾಡಿಸಿ ಪಕ್ಕದವಳಿಗೆ ಕೊಟ್ಟಳು. ಪಕ್ಕದವಳೂ ಹಾಗೇ ಮಾಡಿದಳು. ದೊಡ್ಡವ್ವ ಲಾಳಿ ತಿರುಗಿಸುವಾಗ ದಾರವನ್ನು ಒಂದಿಷ್ಟು ಹೆಚ್ಚೇ ಜಗ್ಗುತ್ತಿದ್ದಳಂತೆ. ಅದಕ್ಕೆ ಅವಳ ಕಡೆಯ ಅಂಚು ಸಣ್ಣಗೆ ಸುಕ್ಕುಗಟ್ಟುತ್ತಿತ್ತಂತೆ. ಮೂರನೆಯಾಕೆ ಅದನ್ನು ಕಣ್ಣಿಗೊತ್ತಿಕೊಂಡು "ಬಂದ್ಯೇನವ್ವಾ" ಎಂದಳು. ಎಲ್ಲರೂ ಅಳತೊಡಗಿದರು. ಒರೆಸುವ ಕೋಲು ಹಿಡಿದ ಆ ಮನುಷ್ಯ ಗಾಬರಿಯಾಗಿ ನನ್ನ ಮುಖ ನೋಡಿದ. ನನಗೂ ಅವನಿಗಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಗೆಯಲ್ಲಿ ಮುಳುಗು ಹಾಕುವಾಗ ಒಂದು ವಾದವಾಯಿತು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಅಲ್ಲಿ ಬಿಟ್ಟು ಬರುವುದು ನಮ್ಮಲ್ಲಿ ವಾಡಿಕೆ. ಹೆಚ್ಚಿನವರು ಹಾಗಲಕಾಯಿಯನ್ನೋ ಸೋರೆಕಾಯಿಯನ್ನೋ ಬಿಟ್ಟೆವೆಂದು ಹೇಳಿ ಸುಲಭವಾಗಿ ಪಾರಾಗುತ್ತಾರೆ. ಗುಂಪಿನಲ್ಲಿ ಹಿರಿಯಾಕೆ ಅಮ್ಮನಿಗೆ, ಆ ಅಂಚನ್ನೇ ನೀರಿಗೆ ಬಿಡು, ಅವಳಿಗೆ ಒಳ್ಳೆಯದಾಗಲಿ ಎಂದಳು. ನಿಜ ಹೇಳುತ್ತೇನೆ, ಬಿಡಲಿ ಎಂದು ನನಗೂ ಇತ್ತು. ಅದು ಹೋದರೆ ಅಮ್ಮ ಸ್ವಲ್ಪ ನನ್ನ ಕಡೆಗೂ ತಿರುಗಿಯಾಳು ಎಂಬ ಸಣ್ಣ ಆಸೆ. ಐವತ್ತು ದಾಟಿದವಳಿಗೆ ಇಂಥ ಆಸೆ ಇರಬಾರದು, ಆದರೂ ಇತ್ತು.

ಅಮ್ಮ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಮೂರು ಸಲ ಮುಳುಗಿದಳು. ಎದ್ದಾಗ ಮುಷ್ಟಿ ಹಾಗೇ ಇತ್ತು. "ಅಕ್ಕ ನೋಡೋಕೆ ಬಂದಿದ್ದು, ಇರೋಕಲ್ಲ. ಎಲೆ ಅಡಿಕೆ ಬಿಟ್ಟೀನಿ" ಎಂದಳು. ದಿನಕ್ಕೆ ಹತ್ತು ಸಲ ಎಲೆ ಹಾಕುತ್ತಿದ್ದವಳು. ಅಂದಿನಿಂದ ಇವತ್ತಿನವರೆಗೆ ಮುಟ್ಟಿಲ್ಲ.

ಊರಿಗೆ ಬಂದು ತಿಂಗಳಾದ ಮೇಲೆ ಒಂದು ಭಾನುವಾರ ಮೊಳಕಾಲ್ಮೂರಿಗೆ ಹೋದೆ. ಅಮ್ಮ ಹೊಸ್ತಿಲ ಬಳಿ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ಗ್ರೀಸಿನ ಕಲೆ ಎಷ್ಟು ಉಜ್ಜಿದರೂ ಪೂರ್ತಿ ಹೋಗಿಲ್ಲ ಎಂದು ಪಟ್ಟಿಯನ್ನು ತೋರಿಸಿದಳು. ಬಸ್ಸಿನಲ್ಲಿ ಬರುವಾಗಿನಿಂದ ಒಂದು ಮಾತು ಕೇಳಬೇಕೆಂದು ತಯಾರಿ ಮಾಡಿಕೊಂಡಿದ್ದೆ, ಕೇಳಿದೆ. ಆ ತುಂಡಿನಲ್ಲಿ ಎಡಗಡೆಯ ಅಂಚೂ ಇತ್ತಲ್ಲ ಅಮ್ಮಾ, ನಿನ್ನ ಕೈಯದು, ಅದನ್ನು ನನಗೆ ಕೊಡುತ್ತೀಯಾ? ಕಲಿಯುವುದಂತೂ ಆಗಲಿಲ್ಲ. ಒಂದಿಷ್ಟು ಹತ್ತಿರ ಇಟ್ಟುಕೊಂಡು ಮುಟ್ಟಿ ಮುಟ್ಟಿ ನೋಡಿದರೆ ನನಗೂ ಯಾವತ್ತಾದರೂ ಗುರುತು ಹತ್ತೀತು.

ಅಮ್ಮ ಪಟ್ಟಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಅದು ಇಲ್ಲ ಕಣೆ. ಅಕ್ಕನ್ನ ಮಣ್ಣಿಗೆ ಇಡೋವಾಗ ಅಕ್ಕನ ಕೈಯಾಗೆ ಇಟ್ಟು ಕಳಿಸ್ದೆ."

ನಾನು ತಲೆಯಾಡಿಸಿದೆ. ಅಮ್ಮ ನನ್ನ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ತೆಲುಗಿಗೆ ಹೊರಳಿ, "ಅನ್ನಂ ತಿನಿ ಪೋ" ಎಂದು ಒಳಗೆ ತಟ್ಟೆ ಹಾಕಲು ಹೋದಳು. ಊಟ ಮಾಡಿಕೊಂಡು ಹೋಗು ಎಂದು ನಾನು ಹೊರಟಾಗಲೆಲ್ಲ ಹೇಳುವ ಮಾತೇ. ಅಡುಗೆಮನೆಯಲ್ಲಿ ಅವಳ ಬಳೆಯ ಸದ್ದು ಕೇಳುತ್ತಿತ್ತು. ಅಷ್ಟು ಹತ್ತಿರ ಇರುವ ಅಮ್ಮನಿಗಾಗಿ, ಅವಳು ಯಾವತ್ತೋ ಸತ್ತು ಹೋದವಳೇನೋ ಎಂಬಂತೆ ನಾನು ಹೊಸ್ತಿಲ ಬಳಿ ಕುಳಿತು ಅತ್ತೆ.